ಉಡಿ ತುಂಬದ ಕೌದಿ

ಕೌದಿಯ ಹೊಟ್ಟೆ ಹಸಿದಿರಬಾರದು ಎಂಬುದು ನೀಲವ್ವನ ಕಟ್ಟುನಿಟ್ಟು. ಬಟ್ಟೆಯ ಚೂರು ಜೋಡಿಸಿ ಮೂರು ಮೂಲೆ ಹೊಲಿದು ನಾಲ್ಕನೆಯ ಮೂಲೆಗೆ ಬಂದಳೆಂದರೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲ, ಅಂದು ಮಾಡಿದ ಹೋಳಿಗೆಯ ತುಣುಕು ತಂದು, ತೆರೆದಿಟ್ಟ ಮೂಲೆಯೊಳಗೆ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ಹೊಲಿಗೆ ಹಾಕುತ್ತಾಳೆ. ಇದಕ್ಕೆ ಕೌದಿಯ ಉಡಿ ತುಂಬುವುದು ಎನ್ನುತ್ತಾರೆ. ಉಡಿ ತುಂಬಿದ ಕೌದಿ ಮನೆಮಗಳ ಸಮಾನ. ಅದನ್ನು ಮಾರುವಂತಿಲ್ಲ, ಹಳತಾಯಿತೆಂದು ಯಾರಿಗೂ ಕೊಡುವಂತಿಲ್ಲ. ಹೊಸ್ತಿಲು ದಾಟುವುದಾದರೆ ಮಗಳ ಹಿಂದೆ ಅವಳ ಗಂಡನ ಮನೆಗೆ ಮಾತ್ರ ದಾಟಬೇಕು. ಎಂಬತ್ತೆರಡು ತುಂಬಿದ ನೀಲವ್ವ ಈವರೆಗೆ ಒಂದು ಕೌದಿಯನ್ನೂ ಉಪವಾಸ ಕೆಡವಿಲ್ಲ.

ಆ ವರ್ಷ ಮೊಮ್ಮಗಳು ಪವಿತ್ರಾ ಚೊಚ್ಚಲ ಬಾಣಂತನಕ್ಕೆ ಬೆಟಗೇರಿಗೆ ಬಂದಿದ್ದಳು. ಹುಟ್ಟಿದ ಹೆಣ್ಣುಕೂಸಿಗಾಗಿ ನೀಲವ್ವ ಹೊಲಿದ ಕೌದಿ ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋದರು. ನೀಲಿ, ಕಿತ್ತಳೆ, ಪಾಚಿಹಸಿರು ಚೂರುಗಳು. ಬೆಕ್ಕಿನ ಮರಿಯ ಹೊಟ್ಟೆಯಷ್ಟು ಮೆತ್ತಗೆ. ಚೂರುಗಳನ್ನು ತಂದುಕೊಟ್ಟವಳು ನೀಲವ್ವನನ್ನು ತನ್ನ ಮನೆಯಲ್ಲಿಟ್ಟುಕೊಂಡ ಮಗಳು, ಪವಿತ್ರಾಳ ತಾಯಿ ಕಸ್ತೂರಿ. ಹುಬ್ಬಳ್ಳಿ ರಸ್ತೆಯ ಹಿಮಪರ್ಣ ಕಂಪನಿಯ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷೆ ಮಾಡುವುದು ಅವಳ ಕೆಲಸ.

ಹಿಮಪರ್ಣದವರು ಹೊಲಿಯುವುದು ಬೆಟ್ಟ ಹತ್ತುವವರ, ಹಿಮದಲ್ಲಿ ಡೇರೆ ಹಾಕುವವರ ಜಾಕೆಟ್ಟು. ಮಳೆ ಒಳಗೆ ಬರಬಾರದು, ಬೆವರು ಹೊರಗೆ ಹೋಗಬೇಕು, ತೂಕ ಇರಬಾರದು, ಚಳಿ ತಾಗಬಾರದು. ಇಷ್ಟೂ ಗುಣ ಒಂದೇ ಬಟ್ಟೆಗೆ ಬರಬೇಕೆಂದರೆ ಜಗತ್ತಿನ ಎಲ್ಲ ಕಂಪನಿಗಳೂ ಕೈ ಚಾಚುವುದು ನೆಲದಡಿಯ ಕಚ್ಚಾ ಎಣ್ಣೆಗೇ. ಪಾಲಿಯೆಸ್ಟರ್ ಎಂದರೆ ಎಳೆಯಾಗಿ ಎಳೆದ ಎಣ್ಣೆ, ಅಷ್ಟೆ. ಬೆಟ್ಟವನ್ನು ಪ್ರೀತಿಸುವವರು ಎಣ್ಣೆ ತೊಟ್ಟುಕೊಂಡು ಬೆಟ್ಟ ಹತ್ತುತ್ತಾರೆ ಎಂಬ ಮಾತು ಹಿಮಪರ್ಣಕ್ಕೆ ಅನ್ವಯಿಸುವುದಿಲ್ಲ ಎಂದು ಹಿಮಪರ್ಣವೇ ಸಾರಿತ್ತು. ತಮ್ಮದು ಕಬ್ಬಿನ ರವದಿಯಿಂದ, ಅಂದರೆ ಒಣಗಿದ ಗರಿಯಿಂದ ತೆಗೆದ ಎಲೆನೂಲು, ಎಣ್ಣೆಯ ಹನಿಯೂ ಇಲ್ಲ ಎಂದು ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರ ಬರೆಸಿದ್ದರು. ಸಾಲದ್ದಕ್ಕೆ ಆ ನೂಲಿನೊಳಗೆ ಒಂದು ಸೂಕ್ಷ್ಮಾಣುಜೀವಿಯ ಬೀಜಕಣಗಳನ್ನು ಮಲಗಿಸಿಟ್ಟಿದ್ದರು. ಜಾಕೆಟ್ಟು ಹಳತಾದ ಮೇಲೆ ಕಂಪನಿಗೆ ಮರಳಿಸಿದರೆ, ಅವರು ಬೆಚ್ಚನೆಯ ಗಂಜಿಯಲ್ಲಿ ನೆನೆಸಿ ಆ ಜೀವಿಯನ್ನು ಎಬ್ಬಿಸುತ್ತಾರಂತೆ. ಅದು ನಲವತ್ತು ದಿನದಲ್ಲಿ ಇಡೀ ಜಾಕೆಟ್ಟನ್ನು ತಿಂದು ಮಣ್ಣು ಮಾಡುತ್ತದಂತೆ. ಕತ್ತರಿಸಿ ಉಳಿದ ಚೂರನ್ನೂ ಎಸೆಯುವುದಿಲ್ಲ ಎಂದು ತೋರಿಸಲು ಹಿಂದಿನ ದೀಪಾವಳಿಯಿಂದ ಕೆಲಸದ ಹೆಂಗಸರಿಗೆ ಅವನ್ನು ಚೀಲಗಟ್ಟಲೆ ಹಂಚಿ ಫೋಟೊ ತೆಗೆಸುತ್ತಿದ್ದರು. ಒಂದು ಫೋಟೊದಲ್ಲಿ ನೀಲವ್ವನೂ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಾಳೆ.

ಗೋಡೆಯ ಬರಹ ನಿಜವಲ್ಲ ಎಂದು ಕಸ್ತೂರಿಗೆ ಆರು ವರ್ಷದಿಂದ ಗೊತ್ತಿತ್ತು. ದೊಡ್ಡ ಯಂತ್ರಗಳು ಬರುವ ಮೊದಲಿನಿಂದಲೂ ಬಟ್ಟೆಯವರಿಗೆ ಒಂದು ಪರೀಕ್ಷೆ ಗೊತ್ತು: ಒಂದು ಎಳೆ ಕಿತ್ತು ಬೆಂಕಿ ಹಚ್ಚುವುದು. ಹತ್ತಿಯಾಗಲಿ ರವದಿಯಾಗಲಿ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಸಾಸಿವೆಯಷ್ಟು ಕರಿಮಣಿಯಾಗುತ್ತದೆ. ಮೊದಲು ಬಂದ ಮಾದರಿ ನೂಲು ಬೂದಿಯಾಗಿತ್ತು. ಆಮೇಲೆ ಬಂದದ್ದೆಲ್ಲ ಕರಿಮಣಿಯೇ. ಅವಳ ಮುಂದಿನ ವರದಿ ಹಾಳೆಯಲ್ಲಿ ಮಾತ್ರ ‘ಎಲೆನೂಲು: ಹೌದು’ ಎಂದು ಮೊದಲೇ ಅಚ್ಚಾಗಿರುತ್ತಿತ್ತು, ಸಹಿಗೆ ಜಾಗ ಖಾಲಿ ಇರುತ್ತಿತ್ತು. ಒಮ್ಮೆ ಮೇಲಿನವರಾದ ವಾದಿರಾಜ ಕಟ್ಟಿಯವರನ್ನು ಕೇಳಿದ್ದಕ್ಕೆ, “ನೂರರಾಗ ಎರಡು ಪಾಲು ರವದಿ ಅದಲ್ಲ, ಕಸ್ತೂರಿಬಾಯಿ, ಸಹಿ ಮಾಡ್ರಿ” ಎಂದಿದ್ದರು. ಅವಳು ಮಾಡಿದಳು. ಗಂಡ ಬಸ್ಸಿನ ಕಂಡಕ್ಟರ್, ಮನೆ ನಡೆಯಬೇಕು. ಯಾವುದೋ ದೇಶದವರು ತೊಡುವ ಜಾಕೆಟ್ಟಿನಲ್ಲಿ ಏನಿದ್ದರೆ ತನಗೇನು ಎಂದುಕೊಂಡಳು. ಆ ಬಟ್ಟೆ ತನ್ನದೇ ತೊಟ್ಟಿಲಿಗೆ ಬರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಕೌದಿ ಹಾಸಿದ ಹನ್ನೆರಡನೆಯ ದಿನ ಬೆಳಿಗ್ಗೆ ಪವಿತ್ರಾ ಕೂಗಿಕೊಂಡಳು.

“ಯವ್ವಾ, ಇಲ್ಲಿ ನೋಡ ಬಾ. ಕೂಸಿನ ಬೆನ್ನೆಲ್ಲ ಕರ್ರಗಾಗೇತಿ!”

ಕೂಸಿನ ಬೆನ್ನು, ತೊಡೆ ಜಿಡ್ಡುಜಿಡ್ಡಾಗಿದ್ದವು. ಒರೆಸಿದರೆ ಅಡಿಯಲ್ಲಿ ಕೆಂಪು ಗುಳ್ಳೆ. ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ತೊಟ್ಟಿಲ ತುಂಬ ಗ್ಯಾರೇಜಿನ ವಾಸನೆ.

“ನೀನ ಔಡಲೆಣ್ಣಿ ಸುರುವಿರಬೇಕು, ಅಮ್ಮಾ” ಎಂದು ಪವಿತ್ರಾ, ದಿನವೂ ಕೂಸಿಗೆ ಹರಳೆಣ್ಣೆ ಹಚ್ಚಿ ಎರೆಯುತ್ತಿದ್ದ ಅಜ್ಜಿಯ ಮೇಲೆ ಹರಿಹಾಯ್ದಳು.

“ಔಡಲೆಣ್ಣಿ ನಾ ಇವತ್ತ ಕಂಡೇನೇನ? ನಿನಗೂ ಅದನ್ನ ಹಚ್ಚಿ ಎರದೀನಿ, ನಿಮ್ಮವ್ವಗೂ ಎರದೀನಿ. ಔಡಲೆಣ್ಣಿ ಹಿಂಗ ನಾರತೈತೇನ?” ನೀಲವ್ವನ ಕಣ್ಣಲ್ಲಿ ನೀರು ಬಂತು.

ಕಸ್ತೂರಿ ಕೌದಿಯನ್ನು ತಡವಿ ನೋಡಿದಳು. ಮೂರು ಮೂಲೆ ನೆಟ್ಟಗಿದ್ದವು. ಉಡಿ ತುಂಬಿದ ನಾಲ್ಕನೆಯ ಮೂಲೆಯಿಂದ ಕಪ್ಪು ಜಿಡ್ಡು ಒಸರಿ ನಡುವಿನವರೆಗೆ ಹರಡಿತ್ತು. ಹೊಲಿಗೆ ಬಿಚ್ಚಿದರೆ ಜೋಳ ಉಬ್ಬಿ ಅಂಬಲಿಯಾಗಿದೆ, ಸುತ್ತಲಿನ ಬಟ್ಟೆ ಬೆರಳಿಗೆ ಸಿಗದಂತೆ ಕರಗಿದೆ. ಅವಳು ಒಂದೊಂದಾಗಿ ಲೆಕ್ಕ ಹಾಕಿದಳು. ಜೋಳದ ಹಿಟ್ಟು, ಕೂಸಿನ ಉಚ್ಚೆಯ ಹಸಿ, ಕೂಸಿನ ಮೈಯ ಕಾವು. ಗಂಜಿಯಲ್ಲಿ ನೆನೆಸಿ ಎಬ್ಬಿಸುವ ಕೆಲಸವನ್ನು ತೊಟ್ಟಿಲೇ ಮಾಡಿತ್ತು.

ಡಾಕ್ಟರು ಕೂಸನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಅದರ ಎದೆಗೆ ಎಣ್ಣೆಯ ಹಬೆ ಸೇರಿದೆ, ಇನ್ನೊಮ್ಮೆ ಸೇರಿದರೆ ಕೂಸಿನ ಪುಪ್ಪುಸ ತಡೆಯಲಾರದು ಎಂದರು. ಆ ವಾಸನೆ ಕೊಡುವ ಯಾವ ಬಟ್ಟೆಯೂ ಹತ್ತಿರ ಇರಕೂಡದು.

*

ಪರೀಕ್ಷಾ ಕೋಣೆಯಲ್ಲಿ ಕಟ್ಟಿ ಸಾಹೇಬರು ಕೌದಿಯ ಮೂಲೆಯನ್ನು ಮೂಸಿ ನೋಡಿ ಬಾಗಿಲ ಚಿಲಕ ಹಾಕಿದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತು ತಿಂಗಳಿತ್ತು. ಹತ್ತು ತಿಂಗಳಿರುವವರು ಹೇಗಿರುತ್ತಾರೋ ಹಾಗಿದ್ದರು.

ಇಬ್ಬರೂ ಕೂಡಿ ಮೂರು ಗಾಜಿನ ತಟ್ಟೆ ಹೂಡಿದರು. ಮೊದಲನೆಯದರಲ್ಲಿ ಕಪಾಟಿನಲ್ಲಿ ಉಳಿದಿದ್ದ ನಿಜವಾದ ಎಲೆನೂಲಿನ ಮಾದರಿ. ಎರಡನೆಯದರಲ್ಲಿ ಈಗಿನ ಜಾಕೆಟ್ಟಿನ ಬಟ್ಟೆ. ಮೂರನೆಯದರಲ್ಲಿ ಕಸ್ತೂರಿ ತನ್ನ ಸೀರೆಯ ಅಂಚಿನಿಂದ ಕತ್ತರಿಸಿದ ತುಂಡು. ಅದು ಪೇಟೆಯ ಸಾದಾ ಪಾಲಿಯೆಸ್ಟರ್, ಅದರಲ್ಲಿ ಯಾವ ಜೀವಿಯನ್ನೂ ಯಾರೂ ಮಲಗಿಸಿರಲಿಲ್ಲ. ಮೂರಕ್ಕೂ ಜೋಳದ ಗಂಜಿ ಸುರಿದು, ಮೈಕಾವಿನಷ್ಟು ಬಿಸಿ ಇರುವ ಪೆಟ್ಟಿಗೆಯಲ್ಲಿ ಒಟ್ಟಿಗೆ ಇಟ್ಟರು.

ಒಂಬತ್ತನೆಯ ದಿನ ಪೆಟ್ಟಿಗೆ ತೆರೆದಾಗ ಮೊದಲ ತಟ್ಟೆಯಲ್ಲಿ ಕಂದು ಮಣ್ಣು. ಮೊದಲ ಮಳೆಯ ವಾಸನೆ ಬರುತ್ತಿತ್ತು. ಎರಡನೆಯದರಲ್ಲಿ ಕಪ್ಪು ಎಣ್ಣೆ.

“ಗಿಡದಿಂದ ಬಂದದ್ದು ಮಣ್ಣಾತು, ಎಣ್ಣಿಯಿಂದ ಬಂದದ್ದು ಎಣ್ಣಿ ಆತು” ಎಂದರು ಕಟ್ಟಿ ಸಾಹೇಬರು ಮೆಲ್ಲಗೆ. “ಆ ಜೀವಿದ ಏನೂ ತಪ್ಪಿಲ್ಲ ನೋಡ್ರಿ. ಅದು ಉದ್ದನ್ನ ಎಳಿ ಕತ್ತರಿಸಿ ಮೊದಲಿನ ರೂಪಕ್ಕ ತರ್ತದ, ಅಷ್ಟ. ಸುಳ್ಳು ಹೇಳೂದು ಅದಕ್ಕ ಗೊತ್ತಿಲ್ಲ.”

ಕಸ್ತೂರಿ ಮೂರನೆಯ ತಟ್ಟೆಯನ್ನು ಅವರ ಮುಂದೆ ಸರಿಸಿದಳು. ಅವಳ ಸೀರೆಯ ತುಂಡೂ ಅಂಚಿನಿಂದ ಕರಗತೊಡಗಿತ್ತು.

“ಇದರಾಗ ಏನೂ ಇರಲಿಲ್ಲರೀ, ಸಾಹೇಬ್ರ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. “ದಾಟೇದ” ಎಂದರು. “ಎದ್ದ ಮ್ಯಾಲೆ ಅದರ ಬೀಜ ಗಾಳ್ಯಾಗ ಹಾರ್ತದ, ನೀರಾಗ ಇಳೀತದ. ಒಂದ ಬಕೆಟ್ಟಿನ್ಯಾಗ ಒಗದರ ಸಾಕು. ಹಿಂಗಂತ ನಮಗ ಯಾರೂ ಹೇಳಿರಲಿಲ್ಲ.”

ಕೌದಿಯನ್ನು ಮನೆಯ ಇತರ ಬಟ್ಟೆಗಳ ಜೊತೆ ಎಷ್ಟು ಸಲ ಒಗೆದಿದ್ದೇವೆ ಎಂದು ಕಸ್ತೂರಿ ನೆನಪು ಮಾಡಿಕೊಂಡಳು. ಐದು ಸಲ. ಓಣಿಯಲ್ಲಿ ಕಾರ್ಖಾನೆಯ ಚೂರಿನ ಕೌದಿ ಇಲ್ಲದ ಮನೆ ಇರಲಿಲ್ಲ. ಅವುಗಳಲ್ಲಿ ಉಡಿ ತುಂಬದ್ದು ಯಾವುದಿದ್ದೀತು? ಮಳೆಗಾಲಕ್ಕೆ ಇನ್ನು ಮೂರು ವಾರ. ಹಸಿ ಏರಿತೆಂದರೆ ಎಲ್ಲೆಲ್ಲಿ ಕೂಸು ಮಲಗಿದೆಯೋ, ಹಾಸಿಗೆ ಹಿಡಿದ ಮುದುಕರಿದ್ದಾರೋ, ಅಲ್ಲೆಲ್ಲ ಕೌದಿ ಎಣ್ಣೆ ಕಾರತೊಡಗುತ್ತದೆ.

“ಡಂಗುರ ಹೊಡಸ್ರಿ, ಸಾಹೇಬ್ರ. ಕೌದ್ಯಾಗಿನ ಕಾಳು ತಗೀರಿ, ಕೂಸುಗಳನ್ನ ಅದರ ಮ್ಯಾಲೆ ಹಾಕಬ್ಯಾಡ್ರಿ, ಅಷ್ಟ ಹೇಳಿದ್ರ ಸಾಕು.”

“ಯಾಕ ಅಂತ ಕೇಳಿದ್ರ ಏನ ಹೇಳಲಿ? ಎಣ್ಣಿ ಬರ್ತದ ಅಂತ ಹೇಳಬೇಕಾಗ್ತದ. ಎಣ್ಣಿ ಹನೀನೂ ಇಲ್ಲ ಅಂತ ಗ್ವಾಡಿ ಮ್ಯಾಲೆ ಬರದೇವಿ.” ಆದರೂ ಅವರು ಅಂದೇ ಬೆಂಗಳೂರಿನ ಕೇಂದ್ರ ಕಚೇರಿಗೆ ಬರೆದರು. ಅಷ್ಟು ಧೈರ್ಯ ಮಾಡಿದರು ಪಾಪ.

*

ನಾಲ್ಕನೆಯ ದಿನ ಕಂಪನಿಯ ಪರಿಸರ ವಿಭಾಗದ ಮುಖ್ಯಸ್ಥೆ ಮೃಣಾಲಿನಿ ಮೇಡಂ ಬಂದಿಳಿದರು. ವಿಮಾನದಲ್ಲಿ ಬಂದರೆ ಹೊಗೆ ಹೆಚ್ಚೆಂದು ರೈಲಿನಲ್ಲಿ ಬಂದಿದ್ದರು. ಕುಡಿಯಲು ಸ್ವಂತ ಸ್ಟೀಲ್ ಬಾಟಲಿ, ಚಹಕ್ಕೆ ಸ್ವಂತ ಲೋಟ. ಕೋಣೆಗೆ ಬಂದವರೇ ಯಾರೂ ಕೂರದ ಕಡೆಯ ಫ್ಯಾನು ಆರಿಸಿದರು. ಕಸ್ತೂರಿಯ ಕೈ ಹಿಡಿದು, “ಮಗು ಹೇಗಿದೆ ಈಗ?” ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು. ಇಂಥವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟ.

“ಉಸಿರ ಇನ್ನೂ ಸಿಳ್ಳಿ ಹಾಕತೈತ್ರಿ, ಮೇಡಂನವರ. ನಂದು ಹೋಗ್ಲಿ, ಊರಿಗೆ ಒಂದ ಮಾತ ಹೇಳ್ರಿ.”

“ಖಂಡಿತ ಹೇಳೋಣ. ಆದರೆ ಹೇಗೆ ಹೇಳ್ತೀವಿ ಅನ್ನೋದು ಮುಖ್ಯ ಅಲ್ವಾ? ನಮ್ಮನ್ನ ನೋಡಿ ಬೇರೆ ಕಂಪನಿಗಳೂ ಈ ದಾರಿಗೆ ಬರ್ತಾ ಇದ್ದಾರೆ. ನಮ್ಮ ಹೆಸರು ಕೆಟ್ಟರೆ ಇಡೀ ಪರಿಸರ ಚಳವಳಿಗೇ ಪೆಟ್ಟು. ಎಣ್ಣೆ ಅನ್ನೋ ಪದ ಮಾತ್ರ ಬೇಡ.”

“ಎಣ್ಣಿ ಅನ್ನಲಿಲ್ಲಂದ್ರ ಮಂದಿಗೆ ಹ್ಯಾಂಗ ತಿಳೀತೈತ್ರಿ? ನಿಮ್ಮ ಬಟ್ಟಿ ಎಲೀದಲ್ಲ, ಎಣ್ಣೀದ. ನಾ ಸುಟ್ಟು ನೋಡೀನಿ.”

ಮೇಡಂ ಬೇಸರದಿಂದ ಕಟ್ಟಿ ಸಾಹೇಬರ ಕಡೆ ನೋಡಿದರು. ಸಾಹೇಬರು ಮೇಜಿನ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದರು. ಮೇಡಂ ತಮ್ಮ ಲ್ಯಾಪ್‌ಟಾಪನ್ನು ಕಸ್ತೂರಿಯ ಕಡೆ ತಿರುಗಿಸಿದರು. ಆರು ವರ್ಷದ ವರದಿ ಹಾಳೆಗಳು ಒಂದರ ಮೇಲೊಂದು ಸರಿದವು.

“ಎಲೆನೂಲು, ಹೌದು. ಎಲೆನೂಲು, ಹೌದು. ಎಲ್ಲದರ ಕೆಳಗೂ ನಿಮ್ಮದೇ ಸಹಿ ಇದೆ, ಕಸ್ತೂರಿ ಅವರೇ. ನಾನು ಇದನ್ನೇ ನಂಬಿಕೊಂಡು ದೇಶ ದೇಶದಲ್ಲಿ ಭಾಷಣ ಮಾಡಿದ್ದೀನಿ. ಸುಳ್ಳು ಬರೆದದ್ದು ಯಾರು ಅಂತ ಕೋರ್ಟು ಕೇಳಿದರೆ ಏನು ಹೇಳ್ತೀರಿ?”

ಮೇಡಂ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ ಕಟ್ಟಿ ಸಾಹೇಬರೇ ಹೊಸ ವರದಿ ಬರೆದರು: ‘ಮನೆಬಳಕೆಯ ಔಡಲೆಣ್ಣೆಯಿಂದ ಬಟ್ಟೆ ಕಲುಷಿತವಾಗಿರುವ ಸಾಧ್ಯತೆ.’ ಸಹಿಗೆ ಜಾಗ ಬಿಟ್ಟು ಹಾಳೆಯನ್ನು ಅವಳ ಕಡೆ ಸರಿಸಿದರು. ತಲೆ ಎತ್ತಲಿಲ್ಲ. ಮಾಡಿದರೆ ಕೂಸಿನ ಆಸ್ಪತ್ರೆಯ ಖರ್ಚು ಕಂಪನಿಯದು, ಮಾಡದಿದ್ದರೆ ಆರು ವರ್ಷದ ಸುಳ್ಳು ಕಸ್ತೂರಿಯದು. ತನ್ನ ತಾಯಿಯ ಮೇಲೆ ಅಪವಾದ ಹೊರಿಸುವ ಹಾಳೆಗೆ ಅವಳು ಸಹಿ ಮಾಡಿದಳು. ಸಹಿ ಮಾಡುವುದು ರೂಢಿಯಾಗಿತ್ತಲ್ಲ.

*

ಮುಂದಿನ ವಾರ ಬೆಟಗೇರಿಯ ಓಣಿ ಓಣಿಗೆ ಹಸಿರು ಬಣ್ಣದ ಗಾಡಿ ಬಂತು. ‘ಮರಳಿ ಮಣ್ಣಿಗೆ’ ಅಂತ ಅಭಿಯಾನದ ಹೆಸರು. ಹಿಮಪರ್ಣದ ಚೂರಿನಿಂದ ಹೊಲಿದ ಏನನ್ನಾದರೂ ತಂದುಕೊಡಿ, ಒಂದು ಕರಿಬೇವಿನ ಸಸಿ ಒಯ್ಯಿರಿ ಎಂದು ಮೈಕಿನಲ್ಲಿ ಕೂಗಿದರು. ಯಾಕೆ ಕೊಡಬೇಕು ಎಂದು ಹೇಳಲಿಲ್ಲ. ಭೂಮಿತಾಯಿಗಾಗಿ ಎಂದರು.

ಜನ ಸಾಲುಗಟ್ಟಿದರು. ಮಿಷಿನ್ನಿನಲ್ಲಿ ಹೊಲಿದ ಚೀಲ ತಂದರು, ಕಾಲೊರೆಸು ತಂದರು, ಟಿವಿಗೆ ಹೊದಿಸಿದ ಮುಸುಕು ತಂದರು. ಗಾಡಿ ತುಂಬಿ ತುಂಬಿ ಹೋಯಿತು. ಕೌದಿಯನ್ನು ಮಾತ್ರ ಯಾರೂ ತರಲಿಲ್ಲ. ಮನೆಮಗಳನ್ನು ಯಾರಾದರೂ ಕರಿಬೇವಿನ ಸಸಿಗೆ ಕೊಡುತ್ತಾರೆಯೇ? ಕಾಳು ತುಂಬದ, ಎಂದೂ ಎಚ್ಚರಾಗದ ಬಟ್ಟೆಯೆಲ್ಲ ಕಂಪನಿಗೆ ಹೋಯಿತು. ಕಾಳು ತುಂಬಿದ್ದು ತೊಟ್ಟಿಲಲ್ಲೇ ಉಳಿಯಿತು.

ಕಸ್ತೂರಿ ರಜೆ ಹಾಕಿ ಮನೆ ಮನೆಗೆ ಹೋದಳು. ಎದುರು ಮನೆಯ ಗುರುಬಸವ್ವ ಮಾತು ಪೂರ್ತಿ ಕೇಳಿ ನಕ್ಕಳು.

“ಜೋಳದಿಂದ ಎಣ್ಣಿ ಬರತೈತೇನವಾ? ಹಂಗಾದ್ರ ಗಾಣ ಯಾಕ ಬೇಕಿತ್ತು?”

“ಜೋಳದಿಂದಲ್ಲ ಅಕ್ಕಾ, ಬಟ್ಟಿಯಿಂದ. ಆ ಬಟ್ಟಿನ ಎಣ್ಣೀದು.”

“ಎಲೀದು ಅಂತ ನೀನ ಪಾಸ್ ಮಾಡತಿದ್ದೆಲ್ಲ? ಫ್ಯಾಕ್ಟ್ರಿಯವರು ನಿಮ್ಮವ್ವ ಎಣ್ಣಿ ಚೆಲ್ಲಿದ್ಲು ಅಂತಾರ, ಅದಕ್ಕೂ ನಿಂದ ಸಹಿ ಐತಂತ. ಯಾವುದನ್ನ ನಂಬೂಣು ಹೇಳು.” ಅವಳು ಕುಹಕದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಕಸ್ತೂರಿ ಹೊರಬಿದ್ದಳು. ಬಾಗಿಲಲ್ಲಿ ಗುರುಬಸವ್ವನ ಮೊಮ್ಮಗ ಕಿತ್ತಳೆ ಕೌದಿಯ ಮೇಲೆ ಅಂಬೆಗಾಲಿಡುತ್ತಿದ್ದ.

ಮಳೆ ಶುರುವಾದ ಐದನೆಯ ದಿನಕ್ಕೆ ಆಸ್ಪತ್ರೆಗೆ ನಾಲ್ಕು ಕೂಸು ಬಂದವು. ಹತ್ತನೆಯ ದಿನಕ್ಕೆ ಹದಿನೇಳು. ಹವಾಮಾನದ ಕೆಮ್ಮು ಎಂದು ಪತ್ರಿಕೆಯಲ್ಲಿ ಬಂತು. ಅದೇ ಪುಟದ ಕೆಳಗೆ, ಒಂದೇ ವಾರದಲ್ಲಿ ಆರು ಸಾವಿರ ಬಟ್ಟೆ ಮರಳಿ ಪಡೆದ ಹಿಮಪರ್ಣಕ್ಕೆ ಪರಿಸರ ಪ್ರಶಸ್ತಿ ಬಂದ ಸುದ್ದಿಯೂ ಇತ್ತು.

*

ಅಷ್ಟು ದಿನವೂ ಆಸ್ಪತ್ರೆಯಲ್ಲೇ ಇದ್ದ ಪವಿತ್ರಾಳ ಕೂಸು, ಕೊನೆಗೆ ಮೂರು ದಿನ ಆಮ್ಲಜನಕದ ಡೇರೆಯಲ್ಲಿದ್ದು ಮನೆಗೆ ಬಂತು. ಬರುವ ಮುಂಚೆ ಬಟ್ಟೆಯ ವಿಚಾರ ಡಾಕ್ಟರು ಮತ್ತೊಮ್ಮೆ ಹೇಳಿದ್ದರು. ಹಳೆಯ ಕೌದಿಯನ್ನು ಕಸ್ತೂರಿ ಹಿತ್ತಲಿನ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದಳು. ಈಗ ಕೂಸಿಗೆ ಹಾಸಲು ಏನಿದೆ ಎಂದು ಟ್ರಂಕು ತೆರೆದಳು.

ನಡುಮನೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಒಂದೊಂದೇ ಬಟ್ಟೆಯಿಂದ ಎಳೆ ಕಿತ್ತು ಸುಟ್ಟು ನೋಡಿದಳು. ತನ್ನ ಮದುವೆಯ ಸೀರೆ ಕರಗಿ ಕರಿಮಣಿಯಾಯಿತು. ಪವಿತ್ರಾಳ ಸೀಮಂತದ ಸೀರೆ, ಗಂಡನ ಖಾಕಿ ಅಂಗಿ, ದೇವರ ಮಂಟಪದ ಪರದೆ, ದಿಂಬಿನ ಚೀಲ, ಆಯೇರಿಗೆ ಬಂದ ಕುಪ್ಪಸದ ಖಣ, ಎಲ್ಲವೂ ಕರಗಿದವು. ಹತ್ತಿ ಎಂದು ಚೀಟಿ ಅಂಟಿಸಿದ್ದ ಟವೆಲ್ಲೂ ಕರಗಿತು. ನೇಕಾರರ ಊರಾದ ಬೆಟಗೇರಿಯ ಮನೆಯಲ್ಲಿ ನೆಲದ ಮೇಲೆ ಕರಿಮಣಿಯ ಸಾಲೇ ಬೆಳೆಯಿತು. ಇವೆಲ್ಲ ಆ ಕೌದಿಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆಂದ ಬಟ್ಟೆಗಳು. ಹಿಮಪರ್ಣವೊಂದೇ ಸುಳ್ಳು ಹೇಳಿದೆ ಎಂದು ಕಸ್ತೂರಿ ಅಂದುಕೊಂಡಿದ್ದಳು. ಇಲ್ಲಿ ಟ್ರಂಕಿಗೆ ಟ್ರಂಕೇ ಎಣ್ಣೆಬಾವಿ.

ನೀಲವ್ವ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ದೇವರ ಗೂಡಿನ ಹಿಂದಿನಿಂದ ಒಂದು ಗಂಟು ತಂದಳು.

“ಇದನ್ನ ಸುಟ್ಟು ನೋಡ. ನಿಮ್ಮಪ್ಪನ ದೋತರ. ತನ್ನ ಮಗ್ಗದಾಗ ತಾನ ನೇಯ್ದದ್ದು. ನನ್ನ ಹೆಣದ ಮ್ಯಾಲೆ ಹೊಚ್ಚಸ್ರಿ ಅಂತ ಇಟ್ಟಿದ್ದೆ.”

ಎಳೆ ಕಾಗದದ ವಾಸನೆ ಕೊಟ್ಟು ಬೂದಿಯಾಯಿತು. ನೀಲವ್ವ ಕತ್ತರಿ ತೆಗೆದುಕೊಂಡಳು.

ದೋತರವನ್ನು ನಾಲ್ಕು ಪದರ ಮಡಿಸಿದರೆ ಕೂಸಿನಷ್ಟೇ ಅಗಲದ ಹಾಸಾಯಿತು. ಹೊಲಿಯುತ್ತ ಹೊಲಿಯುತ್ತ ಮೂರು ಮೂಲೆ ಮುಗಿಸಿ, ನೀಲವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಅಡುಗೆಮನೆಗೆ ಹೋದಳು. ಮರಳಿ ಬಂದಾಗ ಮುಷ್ಟಿಯಲ್ಲಿ ಜೋಳವಿತ್ತು. ಬೆಲ್ಲವೂ ಇತ್ತು. ಹೋಳಿಗೆ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಕಸ್ತೂರಿ ದಾರದ ಉಂಡೆಯಿಂದ ಒಂದು ತುಂಡು ಕಿತ್ತು ದೀಪಕ್ಕೆ ಹಿಡಿದಿದ್ದಳು. ಅದೂ ಕರಗಿ ಕರಿಮಣಿಯಾಗಿತ್ತು. ಪೇಟೆಯಲ್ಲಿ ಈಗ ಬೇರೆ ದಾರವೇ ಸಿಗುವುದಿಲ್ಲ.

“ದೋತರ ಹತ್ತೀದ ಐತಲ್ಲ. ಹಾಕಲ್ಯಾ?” ಎಂದಳು ನೀಲವ್ವ. “ನೀ ಓದಿದಾಕಿ, ನೀನ ಹೇಳ. ಹಸಿದ ಕೌದಿ ಮ್ಯಾಲೆ ಕೂಸು ಮಲಗಬಾರದು. ನಮ್ಮ ಮನ್ಯಾಗ ಹಂಗ ಎಂದೂ ಆಗಿಲ್ಲ.”

ದಾರದಷ್ಟು ಎಣ್ಣೆಯಿಂದ ಏನಾದೀತು, ಏನೂ ಆಗಲಿಕ್ಕಿಲ್ಲ ಎಂದು ಕಸ್ತೂರಿಗೆ ಅನಿಸಿತು. ಆಗಲೂಬಹುದು ಎಂದೂ ಅನಿಸಿತು. ಇದನ್ನು ತೂಗಿ ಹೇಳುವ ಯಂತ್ರ ಪರೀಕ್ಷಾ ಕೋಣೆಯಲ್ಲಿತ್ತು. ಅದು ಹೇಳಿದ್ದನ್ನು ಬರೆಯುವ ಹಾಳೆ ಮಾತ್ರ ಅಲ್ಲಿರಲಿಲ್ಲ. ತೊಟ್ಟಿಲಲ್ಲಿ ಕೂಸು ಸಣ್ಣಗೆ ಕೆಮ್ಮಿತು.

“ಬ್ಯಾಡ ಬೇ” ಎಂದಳು.

ನೀಲವ್ವ ಬಹಳ ಹೊತ್ತು ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಜೋಳವನ್ನು ಮಡಕೆಗೆ ಮರಳಿ ಸುರಿದು ಬಂದು, ಖಾಲಿ ಮೂಲೆಗೆ ಕುಂಕುಮ ಹಚ್ಚಿ, ಕೂಸಿನ ಮುಖ ನೋಡದೆ ಹೊಲಿಗೆ ಹಾಕಿದಳು.